ಸ್ನೂಕರ್ ಮೇಜಿನ ಹುಚ್ಚು ಪ್ರತಿಭೆಗಳು

ಈ ಸಲದ ಸಂಚಿಕೆಗೆ ಕ್ರೀಡೆಯನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಅವರ ಮನಸ್ಸಿನಲ್ಲಿ ಕಬಡ್ಡಿಯೋ ವಾಲಿಬಾಲೋ ಇದ್ದಿರಬೇಕು. ನಾನು ಸ್ನೂಕರ್ ಎಂದೆ. “ಶ್ರೀಮಂತರ ಗೋಲಿಯಾಟವಲ್ಲವೇ ಅದು?” ಎಂದು ಅವರಲ್ಲೊಬ್ಬರು ನಕ್ಕರು. ನಕ್ಕದ್ದು ತಪ್ಪೇನಲ್ಲ, ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ.

ನಾನು ಅಂಕೋಲೆಯಿಂದ ದಿನವೂ ಕಾರವಾರಕ್ಕೆ ಬಂದುಹೋಗುವವನು. ಅವರ್ಸಾ, ಹಾರವಾಡ, ಅಮದಳ್ಳಿ, ಅರಗಾ, ಬಿಣಗಾ ಎಂದು ನಿಂತು ನಿಂತು ಬರುವ ಬಸ್ಸಿನ ಸುಖದುಃಖ ನನ್ನಂಥ ಅನೇಕರಿಗೆ ತಿಳಿದದ್ದೇ. ಮೊದಲ ವರ್ಷದ ಆಷಾಢದಲ್ಲಿ ಒಂದು ದಿನ ಮಧ್ಯಾಹ್ನದ ತರಗತಿಗಳು ನಡೆಯಲಿಲ್ಲ. ಹೊರಗೆ ಜಡಿಮಳೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸಹಪಾಠಿಯೊಬ್ಬ ನನ್ನನ್ನು ಪೇಟೆಯ ಒಂದು ಮಹಡಿಗೆ ಕರೆದೊಯ್ದ. ಅಲ್ಲೊಂದು ದೊಡ್ಡ ಮೇಜು, ಅದರ ಮೇಲೆ ಹಸುರು ಬಟ್ಟೆ, ಅದರ ಮೇಲಕ್ಕೆ ಇಳಿಬಿಟ್ಟ ದೀಪಗಳ ಸಾಲು. ನಮ್ಮ ಕರಾವಳಿಯ ತೇವ ಹೀರಿ ಬಟ್ಟೆ ಭಾರವಾಗಿತ್ತು. ಚೆಂಡುಗಳು ಓಡುವ ಬದಲು ತೆವಳುತ್ತಿದ್ದವು. ಹೊರದೇಶದ ಪಂದ್ಯಗಳಲ್ಲಿ ಮೇಜಿನ ಕಲ್ಲನ್ನು ಕೆಳಗಿನಿಂದ ಬಿಸಿ ಮಾಡಿ ಬಟ್ಟೆಯನ್ನು ಒಣಗಿಸಿಟ್ಟಿರುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಅಂದು ನಾನು ಆಡಲಿಲ್ಲ, ಗೋಡೆಗೊರಗಿ ನೋಡಿದೆ. ಈಗಲೂ ನಾನು ಆಡುವವನಿಗಿಂತ ಹೆಚ್ಚಾಗಿ ನೋಡುವವನೇ. ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತ ಇಳಿಯಬೇಕಾದ ನಿಲ್ದಾಣವನ್ನು ಎರಡು ಸಲ ದಾಟಿ ಹೋದದ್ದುಂಟು.

ಕೇರಂ ಬಲ್ಲವರಿಗೆ ಈ ಆಟವನ್ನು ತಿಳಿಸುವುದು ಕಷ್ಟವಲ್ಲ. ಕೇರಮ್ಮಿನ ಹಲಗೆಯನ್ನು 12 ಅಡಿ ಉದ್ದ, 6 ಅಡಿ ಅಗಲಕ್ಕೆ ಹಿಗ್ಗಿಸಿರಿ. ನಾಲ್ಕು ಮೂಲೆಯ ಗುಳಿಗಳ ಜೊತೆಗೆ ಉದ್ದದ ಬದಿಗಳ ನಡುವೆ ಇನ್ನೆರಡು ಗುಳಿ ಇಡಿರಿ. ಸ್ಟ್ರೈಕರಿನ ಬದಲು ಬಿಳಿಯ ಚೆಂಡು. ಬೆರಳಿನ ಬದಲು ಕೋಲು. 15 ಕೆಂಪು ಚೆಂಡುಗಳಿಗೆ ಒಂದೊಂದು ಅಂಕ. ಆರು ಬಣ್ಣದ ಚೆಂಡುಗಳಿಗೆ ಹಳದಿಯ 2ರಿಂದ ಕಪ್ಪಿನ 7ರವರೆಗೆ ಅಂಕಗಳು. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಕೆಂಪು ಹೋದದ್ದು ಹೋಯಿತು. ಕೆಂಪು ತೀರುವವರೆಗೆ ಬಣ್ಣದ್ದು ತನ್ನ ಜಾಗಕ್ಕೆ ಮರಳುತ್ತದೆ. ಪ್ರತಿ ಕೆಂಪಿನ ಹಿಂದೆಯೂ ಕಪ್ಪನ್ನೇ ಹಾಕಿ ಕೊನೆಯಲ್ಲಿ ಆರು ಬಣ್ಣಗಳನ್ನೂ ತೀರಿಸಿದರೆ 147. ಚೆಂಡನ್ನು ಗುಳಿಗೆ ಹಾಕುವುದು ಅರ್ಧ ವಿದ್ಯೆ ಮಾತ್ರ. ಹಾಕಿದ ಮೇಲೆ ಬಿಳಿಯ ಚೆಂಡು ಮುಂದಿನದಕ್ಕೆ ಅನುಕೂಲವಾದ ಕಡೆ ನಿಲ್ಲುವಂತೆ ಮಾಡುವುದು ಉಳಿದರ್ಧ. ಅದೇ ಹೆಚ್ಚು ಕಷ್ಟದ್ದು.

ಕೇರಮ್ಮಿನಲ್ಲಿ ಎದುರಾಳಿ ಹಲಗೆಯ ಆಚೆ ನಮ್ಮ ಮೂಗಿನೆದುರೇ ಇರುತ್ತಾನೆ. ಸ್ನೂಕರಿನಲ್ಲಿ ಅವನಿಗೆ ಪಕ್ಕದಲ್ಲೊಂದು ಕುರ್ಚಿ. ಆಡುವವನು ತಪ್ಪುವ ತನಕ ಅವನು ಅಲ್ಲಿ ಸುಮ್ಮನೆ ಕುಳಿತಿರಬೇಕು. ಈ ಕುರ್ಚಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆಟ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1875ರಲ್ಲಿ ಜಬಲ್ಪುರದ ಸೇನಾ ಠಾಣ್ಯದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವಕ ಅಧಿಕಾರಿ (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವನಲ್ಲ, ಬೇರೆಯವನು) ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ಆರಂಭಿಸಿದನೆನ್ನುತ್ತಾರೆ. ‘ಸ್ನೂಕರ್’ ಎಂದರೆ ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಏನೂ ತಿಳಿಯದ ಹುಡುಗನಿಗೆ ಅವರಲ್ಲಿದ್ದ ಅಡ್ಡಹೆಸರು. ನಿಯಮಗಳು ಗಟ್ಟಿಯಾದದ್ದು 1882ರ ಸುಮಾರಿಗೆ ಉದಕಮಂಡಲದ ಕ್ಲಬ್ಬಿನಲ್ಲಿ. ಅಧಿಕಾರಿಗಳ ಆಟವಾದ್ದರಿಂದ ಅವರ ಶಿಸ್ತೂ ಅದಕ್ಕೆ ಅಂಟಿಕೊಂಡಿತು: ಒಳಗವಚ, ಕೊರಳಲ್ಲಿ ಬಿಲ್ಲುಗಂಟಿನ ಟೈ, ನಿಶ್ಶಬ್ದ.

ಇಂಥ ನಿಶ್ಶಬ್ದದೊಳಕ್ಕೆ 1972ರಲ್ಲಿ ಅಲೆಕ್ಸ್ ಹಿಗ್ಗಿನ್ಸ್ ನುಗ್ಗಿದ. ಬೆಲ್‌ಫಾಸ್ಟಿನ ಬಡ ಬೀದಿಯ ಹುಡುಗ, 1949ರಲ್ಲಿ ಹುಟ್ಟಿದವನು. ಹದಿನೈದರ ಪ್ರಾಯದಲ್ಲಿ ಜೂಜಿನ ಕುದುರೆಯ ಸವಾರನಾಗಬೇಕೆಂದು ಇಂಗ್ಲೆಂಡಿಗೆ ಹೋಗಿ, ಮೈ ತೂಕ ಹೆಚ್ಚಿ ಅದು ಕೈಗೂಡದೆ ಮತ್ತೆ ಕೋಲು ಹಿಡಿದ. ವಿಶ್ವ ಚಾಂಪಿಯನ್‌ಷಿಪ್ಪಿಗೆ ಮೊದಲ ಸಲ ಇಳಿದಾಗಲೇ ಹಿಂದಿನ ವರ್ಷದ ವಿಜೇತರಾಗಿದ್ದ ಜಾನ್ ಸ್ಪೆನ್ಸರ್ ಅವರನ್ನು 37–31ರಿಂದ ಸೋಲಿಸಿದ. ಆಗ ಅವನಿಗೆ 22 ವರ್ಷ. ಗೆದ್ದದ್ದಕ್ಕೆ ಸಿಕ್ಕಿದ್ದು 480 ಪೌಂಡು. ಜನ ಅವನಿಗೆ ‘ಹರಿಕೇನ್’ ಎಂದರೆ ಚಂಡಮಾರುತ ಎಂದು ಹೆಸರಿಟ್ಟರು. ಚಂಡಮಾರುತವೆಂದರೇನೆಂದು ಸಮುದ್ರದ ದಂಡೆಯಲ್ಲಿರುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹೊಡೆಯುವಾಗ ಮುಂಗೈಯೊಂದು ಬಿಟ್ಟು ಮೈಯೆಲ್ಲ ಕಲ್ಲಿನಂತಿರಬೇಕೆಂಬುದು ಈ ಆಟದ ಮೊದಲ ಪಾಠ. ಹಿಗ್ಗಿನ್ಸನ ತಲೆ ಅಲುಗುತ್ತಿತ್ತು, ಭುಜ ಕುಣಿಯುತ್ತಿತ್ತು, ಹೊಡೆತದ ಜೊತೆಗೆ ಇಡೀ ಮೈಯೇ ಮೇಲೇಳುತ್ತಿತ್ತು. ಟೈ ಕಟ್ಟಿದರೆ ಕೊರಳ ಚರ್ಮಕ್ಕೆ ತೊಂದರೆಯೆಂದು ವೈದ್ಯರ ಪತ್ರ ತಂದುಕೊಟ್ಟು ಟೈ ಇಲ್ಲದೆ ಆಡುವ ಅಪ್ಪಣೆ ಪಡೆದ. (ಹಾಜರಿ ಕಡಿಮೆಯಾದಾಗ ವೈದ್ಯರ ಪತ್ರ ತರುವ ನಮ್ಮ ಮಿತ್ರರು ಈ ಸಂಗತಿಯನ್ನು ಗಮನಿಸಬಹುದು.)

1982ರ ಉಪಾಂತ್ಯ ಪಂದ್ಯವನ್ನು ನಾನು ಎಷ್ಟು ಸಲ ನೋಡಿರುವೆನೋ ಲೆಕ್ಕವಿಲ್ಲ. ಎದುರಾಳಿ ಅವನಂಥವನೇ ಆದ ಜಿಮ್ಮಿ ವೈಟ್ ಎಂಬ ಇಪ್ಪತ್ತರ ತರುಣ. ಮೊದಲು 16 ಆಟ ಗೆದ್ದವನಿಗೆ ಜಯ. ವೈಟ್ 15–14ರಿಂದ ಮುಂದಿದ್ದಾನೆ. ನಡೆಯುತ್ತಿರುವ ಆಟದಲ್ಲಿಯೂ 59 ಅಂಕ ಗಳಿಸಿದ್ದಾನೆ, ಹಿಗ್ಗಿನ್ಸನದು ಸೊನ್ನೆ. ಆಗ ಹಿಗ್ಗಿನ್ಸ್ ಕುರ್ಚಿಯಿಂದೇಳುತ್ತಾನೆ. ಅಲ್ಲಿಂದ ಮುಂದಿನ 69 ಅಂಕಗಳಲ್ಲಿ ಬಿಳಿಯ ಚೆಂಡು ಅವನು ಬಯಸಿದ ಜಾಗಕ್ಕೆ ಸರಿಯಾಗಿ ಹೋದದ್ದು ಬಹಳ ಕಡಿಮೆ. ಒಂದು ಹೊಡೆತದಿಂದ ಕಷ್ಟಕ್ಕೆ ಬೀಳುವುದು, ಮುಂದಿನದರಿಂದ ಪಾರಾಗುವುದು, ಪಾರಾಗುವ ಭರದಲ್ಲಿ ಮತ್ತೊಂದು ಕಷ್ಟಕ್ಕೆ ಬೀಳುವುದು. ವಿವೇಕಿಯಾದವನು ಅಂಥ ಕಡೆ ಚೆಂಡನ್ನು ಅಡಗಿಸಿ ಎದುರಾಳಿಗೆ ಬಿಟ್ಟುಕೊಡುತ್ತಿದ್ದ. ಇವನಿಗೆ ಅದರ ಯೋಚನೆಯೇ ಬಂದಂತೆ ಕಾಣುವುದಿಲ್ಲ. ಕೊನೆಯ ಕಪ್ಪು ಗುಳಿಗೆ ಬಿದ್ದಾಗ 15–15. ನಿರ್ಣಾಯಕ ಆಟವನ್ನೂ ಅವನೇ ಗೆದ್ದ. ಅಂತಿಮ ಪಂದ್ಯದಲ್ಲಿ ಆರು ಸಲದ ವಿಜೇತ ರೇ ರಿಯರ್ಡನ್ ಅವರನ್ನು 18–15ರಿಂದ ಸೋಲಿಸಿದ. ಆಮೇಲೆ ಅಳುತ್ತ, ಪ್ರೇಕ್ಷಕರ ನಡುವಿದ್ದ ಹೆಂಡತಿಯ ಕೈಯಿಂದ ಹಸುಗೂಸನ್ನು ತನ್ನ ಬಳಿ ತರಿಸಿಕೊಂಡ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗುರಿಯಿಟ್ಟು ಹೊಡೆದ ಜಾಗಕ್ಕೆ ಬಿಳಿಯ ಚೆಂಡನ್ನು ಕಳಿಸಬಲ್ಲವನು ಹೆಚ್ಚು ನಿಪುಣನಲ್ಲವೇ? ಹೌದು. 1980ರ ದಶಕದಲ್ಲಿ ಆರು ಸಲ ವಿಶ್ವವಿಜೇತರಾದ ಸ್ಟೀವ್ ಡೇವಿಸ್ ಅಂಥವರು. ಹಿಗ್ಗಿನ್ಸ್ ಗೆದ್ದದ್ದು ಎರಡೇ ಸಲ. ಆದರೆ ಅಲ್ಲಿಯ ದೂರದರ್ಶನದ ಅಣಕು ಬೊಂಬೆಗಳ ಕಾರ್ಯಕ್ರಮವೊಂದರಲ್ಲಿ ಡೇವಿಸ್ ಅವರಿಗೆ ‘ಸ್ವಾರಸ್ಯದ ಮನುಷ್ಯ’ನೆಂದು ವ್ಯಂಗ್ಯದ ಹೆಸರಿಟ್ಟು ನಗುತ್ತಿದ್ದರು. ಗೆಲ್ಲುವುದೇ ಬೇಸರದ ಕಾರಣವಾಯಿತು!

ಇದಕ್ಕೆ ಕಾರಣವನ್ನು ಆ ಕುರ್ಚಿಯಲ್ಲಿ ಹುಡುಕಬೇಕೆಂದು ನನ್ನ ಎಣಿಕೆ. ಫುಟ್‌ಬಾಲಿನಲ್ಲಿ ಸಿಟ್ಟು ಬಂದರೆ ಓಡಿ ತೀರಿಸಿಕೊಳ್ಳಬಹುದು. ಕ್ರಿಕೆಟ್ಟಿನಲ್ಲಿ ಪಿಚ್ಚನ್ನು ದೂರಬಹುದು. ಸ್ನೂಕರಿನಲ್ಲಿ ಚೆಂಡು ತಾನಾಗಿ ಕದಲುವುದಿಲ್ಲ, ಎದುರಾಳಿ ಮೈಮೇಲೆ ಬರುವುದಿಲ್ಲ, ಗಾಳಿಯಿಲ್ಲ, ಬಿಸಿಲಿಲ್ಲ. ತಪ್ಪಿದರೆ ತನ್ನದೇ ತಪ್ಪು; ತಪ್ಪಿದ ಮೇಲೆ ಅದೇ ಕುರ್ಚಿ. ನಡೆಯುವುದೆಲ್ಲ ಮನಸ್ಸಿನ ಒಳಗೆ. ನುರಿತ ಆಟಗಾರರು ಅದನ್ನು ಒಳಗವಚದ ಗುಂಡಿ ಹಾಕಿ ಮುಚ್ಚಿಡುತ್ತಾರೆ. ಹಿಗ್ಗಿನ್ಸನಿಗೆ ಮುಚ್ಚಿಡಲು ಬರಲಿಲ್ಲ. ಕುರ್ಚಿಯಲ್ಲಿ ಕುಳಿತ ಅವನ ಬೆರಳು, ತುಟಿ, ಕಣ್ಣು, ಸಿಗರೇಟು ಎಲ್ಲವೂ ಮಾತಾಡುತ್ತಿದ್ದವು. ಉಳಿದವರೆಲ್ಲ ನಿಶ್ಚಲರಾಗಿದ್ದುದರಿಂದಲೇ ಅವನ ಚಂಚಲತೆ ಅಷ್ಟು ಕಂಡಿತು. ಬೇರೆ ಆಟದಲ್ಲಿ ಅವನು ಹತ್ತರೊಡನೆ ಹನ್ನೊಂದನೆಯ ಒರಟನಾಗಿರುತ್ತಿದ್ದನೋ ಏನೋ.

ಇಂಗ್ಲೆಂಡಿನಲ್ಲಿ ಈ ಆಟ ಮನೆಮನೆಗೆ ಬಂದದ್ದು 1969ರ ತರುವಾಯ, ಬಣ್ಣದ ದೂರದರ್ಶನದೊಂದಿಗೆ. 1985ರ ಅಂತಿಮ ಪಂದ್ಯದ ಕೊನೆಯ ಕಪ್ಪು ಚೆಂಡನ್ನು ನಡುರಾತ್ರಿಯ ಮೇಲೆ 1 ಕೋಟಿ 85 ಲಕ್ಷ ಜನ ಎಚ್ಚರವಿದ್ದು ನೋಡಿದರು. ಅವರಲ್ಲಿ ಬಹುಮಂದಿ ಕೋಲು ಮುಟ್ಟಿದವರಲ್ಲ. ಮೇಜಿನ ಜ್ಯಾಮಿತಿಯನ್ನಲ್ಲ, ಹತ್ತಿರದಿಂದ ಕಾಣುವ ಮುಖಗಳನ್ನು ಅವರು ನೋಡುತ್ತಿದ್ದರು.

ನಮ್ಮ ಜಿಲ್ಲೆಯವರಿಗೆ ಈ ರುಚಿ ಹೊಸದಲ್ಲ. ಯಕ್ಷಗಾನಕ್ಕೆ ಹೋಗುವವನಿಗೆ ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಡುವನೆಂಬುದು ಚಿಕ್ಕಂದಿನಿಂದ ಗೊತ್ತು. ಆದರೂ ಹೊನ್ನಾವರದ ಕಡೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಭಸ್ಮಾಸುರನಾಗಿ ಬರುವರೆಂದರೆ ಜನ ನಿದ್ದೆಗೆಟ್ಟು ಹೋಗುತ್ತಿದ್ದರು. ಗೊತ್ತಿದ್ದ ಕಥೆಯೊಳಗೆ ಈ ರಾತ್ರಿ ಇವರು ಏನು ಮಾಡಿಯಾರೆಂಬ ಕುತೂಹಲ! ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ವೇಷ ಕಳಚಿದ ಮೇಲೆ ಭಸ್ಮಾಸುರ ರಂಗದಲ್ಲಿಯೇ ಉಳಿಯುತ್ತಾನೆ. ಹಿಗ್ಗಿನ್ಸನಿಗೆ ಕಳಚಿಡುವ ವೇಷವಿರಲಿಲ್ಲ.

1986ರಲ್ಲಿ ಅವನು ಪಂದ್ಯದ ಅಧಿಕಾರಿಯೊಬ್ಬರಿಗೆ ತಲೆಯಿಂದ ಗುದ್ದಿದ. 12,000 ಪೌಂಡು ದಂಡ ತೆತ್ತ, ಐದು ಪಂದ್ಯಾವಳಿಗಳಿಂದ ಹೊರಗುಳಿದ. 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಸುತ್ತಿನಲ್ಲೇ ಸೋತು, ಪತ್ರಿಕಾ ಅಧಿಕಾರಿಯ ಹೊಟ್ಟೆಗೆ ಹೊಡೆದ. ಮುಂದಿನ ಋತುವೆಲ್ಲ ನಿಷೇಧ. ಆ ಚಾಂಪಿಯನ್‌ಷಿಪ್ಪಿಗೆ 1976ರಿಂದ 2005ರವರೆಗೆ ಹಣ ಕೊಟ್ಟದ್ದು ಒಂದು ಸಿಗರೇಟಿನ ಕಂಪನಿ. ಮೇಜಿನ ಪಕ್ಕದಲ್ಲೇ ಸೇದುತ್ತ ಕೂತಿದ್ದ ಹಿಗ್ಗಿನ್ಸನಿಗೆ ಮುಂದೆ ಗಂಟಲಿನ ಕ್ಯಾನ್ಸರ್ ಆಯಿತು. 2010ರ ಜುಲೈ 24ರಂದು ಬೆಲ್‌ಫಾಸ್ಟಿನ ಒಂದು ಸಣ್ಣ ಮನೆಯಲ್ಲಿ, ಹಲ್ಲಿಲ್ಲದೆ, ಎಲುಬು ಚಕ್ಕಳವಾಗಿ, ಒಂಟಿಯಾಗಿ ಸತ್ತಿದ್ದು ಕಂಡುಬಂತು. ಶವಯಾತ್ರೆಗೆ ಸಾವಿರಾರು ಜನ ಸೇರಿದರು.

ಜಿಮ್ಮಿ ವೈಟನ ಕಥೆ ಇಷ್ಟು ಕ್ರೂರವಲ್ಲ, ಆದರೆ ಮನಸ್ಸಿಗೆ ಹತ್ತುವಂಥದು. ಆರು ಸಲ ಅಂತಿಮ ಪಂದ್ಯಕ್ಕೆ ಬಂದು ಆರು ಸಲವೂ ಸೋತವನು. ಆರನೆಯದು 1994ರ ಮೇ 2ರಂದು, ಅವನ 32ನೆಯ ಹುಟ್ಟುಹಬ್ಬದ ದಿನ. 17–17, ಕೊನೆಯ ಆಟದಲ್ಲಿ ಮಕ್ಕಳೂ ಹಾಕಬಹುದಾದ ಒಂದು ಕಪ್ಪು ಚೆಂಡು ತಪ್ಪಿತು. ಎದುರಿದ್ದ ಸ್ಟೀಫನ್ ಹೆಂಡ್ರಿಯವರು ಕುರ್ಚಿಯಿಂದೆದ್ದು ಬಂದು ಮುಗಿಸಿದರು.

ರೋನಿ ಓಸಲಿವನ್ ಮಾತ್ರ ಈ ಸಾಲಿನಲ್ಲಿ ಮುಳುಗದೆ ಉಳಿದವನು. 1997ರಲ್ಲಿ 147 ಅಂಕಗಳನ್ನು 5 ನಿಮಿಷ 8 ಸೆಕೆಂಡಿನಲ್ಲಿ ತೀರಿಸಿದ. ಅಷ್ಟರಲ್ಲಿ ನಮ್ಮ ಬಸ್ಸು ಬಿಣಗಾದ ಘಟ್ಟವನ್ನೂ ಹತ್ತಿರುವುದಿಲ್ಲ. 2006ರಲ್ಲಿ ಒಂಬತ್ತು ಆಟ ಗೆಲ್ಲಬೇಕಾದ ಪಂದ್ಯದಲ್ಲಿ 4–1ರಿಂದ ಹಿಂದಿದ್ದಾಗ ಹೆಂಡ್ರಿಯವರ ಕೈ ಕುಲುಕಿ ಸುಮ್ಮನೆ ಹೊರಟುಹೋದ. 2010ರಲ್ಲಿ 147ಕ್ಕೆ ಕಪ್ಪೊಂದೇ ಉಳಿದಿದೆ; ವಿಶೇಷ ಬಹುಮಾನವಿಲ್ಲವೆಂದು ತಿಳಿದು ಅದನ್ನು ಬಿಟ್ಟು ಕೈ ಕುಲುಕಲು ಹೊರಟ. ರೆಫರಿ ಒತ್ತಾಯಿಸಿದ್ದರಿಂದ ಹಾಕಿದ. ತನ್ನ ಖಿನ್ನತೆಯನ್ನು ಕುರಿತು ಮುಚ್ಚುಮರೆಯಿಲ್ಲದೆ ಮಾತಾಡಿದ ಆಟಗಾರ ಅವನು. 2011ರಿಂದ ಸ್ಟೀವ್ ಪೀಟರ್ಸ್ ಎಂಬ ಮನೋವೈದ್ಯರ ನೆರವು ಪಡೆದ. ಏಳನೆಯ ವಿಶ್ವ ಪದವಿಯನ್ನು 2022ರಲ್ಲಿ, 46ರ ವಯಸ್ಸಿನಲ್ಲಿ ಗೆದ್ದ. ವೈದ್ಯರ ಬಳಿ ಹೋದದ್ದರಿಂದ ಅವನ ಆಟದ ಸೊಗಸು ಕುಂದಲಿಲ್ಲ. ಹುಚ್ಚಿಲ್ಲದೆ ಪ್ರತಿಭೆಯಿಲ್ಲ ಎನ್ನುವವರು ಇದನ್ನು ವಿಚಾರಿಸಬೇಕು.

ಈ ಲೇಖನದ ಮೊದಲ ಕರಡನ್ನು ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಓದಿ, “ಜಗಲಿಯ ಮೇಲೆ ಬೆಚ್ಚಗೆ ಕೂತು ಮಳೆ ಎಷ್ಟು ಚೆಂದ ಎಂದ ಹಾಗಿದೆ” ಎಂದರು. “ಮಾಡು ಸೋರುವವನನ್ನು ಕೇಳು.” ನನಗೆ ಸ್ವಲ್ಪ ನೋವಾಯಿತು. ಆದರೂ ಆ ಮಾತು ಬಿಡದೆ ಹಿಂಬಾಲಿಸಿತು. ನಮ್ಮ ನಾಡಿನ ಆಟಗಾರರೊಬ್ಬರ ಬಗ್ಗೆ ನಾನು ಒಂದು ಸಾಲನ್ನೂ ಬರೆದಿರಲಿಲ್ಲವೆಂಬುದು ಆಗ ಹೊಳೆಯಿತು.

ಪಂಕಜ್ ಅಡ್ವಾಣಿಯವರು ಬೆಂಗಳೂರಿನವರು. ಹುಟ್ಟಿದ್ದು 1985ರ ಜುಲೈ 24ರಂದು ಪುಣೆಯಲ್ಲಿ (ತಿಂಗಳು, ದಿನಾಂಕ ಹಿಗ್ಗಿನ್ಸ್ ಸತ್ತದ್ದೇ). ಬೆಳೆದದ್ದು, ಕಲಿತದ್ದು ಬೆಂಗಳೂರಿನಲ್ಲಿ. ಅಣ್ಣ ಆಡುವುದನ್ನು ನೋಡುತ್ತ ಕರ್ನಾಟಕ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಬಳಿ ಬಂದ ಹುಡುಗ ಅರವಿಂದ ಸವೂರ್ ಅವರ ಶಿಷ್ಯರಾದರು. 2003ರಲ್ಲಿ, 18ರ ಪ್ರಾಯದಲ್ಲಿ, ಚೀನದಲ್ಲಿ ಹವ್ಯಾಸಿ ಸ್ನೂಕರಿನ ವಿಶ್ವವಿಜೇತರಾದರು. 2006 ಮತ್ತು 2010ರ ಏಷ್ಯನ್ ಕ್ರೀಡೆಗಳಲ್ಲಿ ಬಿಲಿಯರ್ಡ್ಸಿನ ಚಿನ್ನ ಗೆದ್ದರು. ಹಿಗ್ಗಿನ್ಸ್, ಓಸಲಿವನ್ನರ ವೃತ್ತಿಪರ ಲೋಕಕ್ಕೆ 2012ರಲ್ಲಿ ಹೋಗಿ, 2013ರ ವೆಲ್ಷ್ ಓಪನ್ನಿನಲ್ಲಿ ಎಂಟರ ಘಟ್ಟ ಮುಟ್ಟಿದರು. 2014ರಲ್ಲಿ ಅದನ್ನು ಬಿಟ್ಟು ಮನೆಗೆ ಮರಳಿದರು. 2024ರಲ್ಲಿ ದೋಹಾದಲ್ಲಿ ಗೆದ್ದದ್ದು ಅವರ 28ನೆಯ ವಿಶ್ವ ಪದವಿ. ಇಪ್ಪತ್ತೆಂಟು! ಹಿಗ್ಗಿನ್ಸನದು ಎರಡು.

ಅವರ ಪಂದ್ಯಗಳನ್ನೂ ನೋಡಿದ್ದೇನೆ. ಮುಖದಲ್ಲಿ ಏನೂ ಕಾಣದು. ಕುರ್ಚಿಯಲ್ಲಿ ಕುಳಿತಾಗ ಕಾಲು ಕೂಡ ಅಲ್ಲಾಡದು. ಮೆಚ್ಚುತ್ತೇನೆ, ಹೆಮ್ಮೆಪಡುತ್ತೇನೆ, ಆದರೆ ಅವರಿಗಾಗಿ ನಾನು ಬಸ್ ನಿಲ್ದಾಣ ದಾಟಿ ಹೋದವನಲ್ಲ. ಕರಡನ್ನು ಮತ್ತೆ ಓದುವಾಗ ಇನ್ನೊಂದು ಸೋಜಿಗ ಕಂಡಿತು. ಹಿಗ್ಗಿನ್ಸ್, ವೈಟ್, ಓಸಲಿವನ್ನರನ್ನು ಉದ್ದಕ್ಕೂ ‘ಅವನು’ ಎಂದಿದ್ದೇನೆ. ಸ್ಪೆನ್ಸರ್, ಡೇವಿಸ್, ಹೆಂಡ್ರಿ, ಅಡ್ವಾಣಿಯವರನ್ನು ‘ಅವರು’ ಎಂದಿದ್ದೇನೆ. ಬೇಕೆಂದು ಮಾಡಿದ್ದಲ್ಲ. ತಿದ್ದಲು ಹೋಗಿ ಬಿಟ್ಟೆ. ನಮ್ಮ ಅಜ್ಜನೂ ರೇಡಿಯೋ ಕಾಲದ ಕ್ರಿಕೆಟ್ಟಿನ ಮಾತು ತೆಗೆದಾಗ “ಚಂದ್ರ ಬಂದ” ಎನ್ನುತ್ತಾರೆಯೇ ಹೊರತು ‘ಬಂದರು’ ಎನ್ನುವುದಿಲ್ಲ. ಪೋಲಿಯೋದಿಂದ ಸೊರಗಿದ ಬಲಗೈಯಲ್ಲಿ 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಯಾವ ಚೆಂಡು ಯಾವ ಕಡೆ ತಿರುಗಿಸುವರೆಂದು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಏಕವಚನ ನಮ್ಮಲ್ಲಿ ಮನೆಯವರಿಗೆ, ಗೆಳೆಯರಿಗೆ, ದೇವರಿಗೆ ಸಲ್ಲುವುದು. ಬೀಳಬಲ್ಲವನು ನಮ್ಮವನೆನಿಸುತ್ತಾನೆ. ಬೀಳದವರಿಗೆ ನಾವು ಕುರ್ಚಿ ಕೊಟ್ಟು ದೂರ ಕೂರಿಸುತ್ತೇವೆ. ಅಡ್ವಾಣಿಯವರಿಗೆ ಒಳಗೆ ಬಿರುಗಾಳಿ ಇಲ್ಲವೆಂದು ನಾನು ಹೇಗೆ ತಿಳಿದೆ? ಆರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು ಅವರು. ಜೊತೆಗೆ ನಿಂತ ಅಣ್ಣ ಕ್ರೀಡಾ ಮನೋವಿಜ್ಞಾನಿ. ಆ ನಿಶ್ಚಲತೆ ದಿನದಿನವೂ ದುಡಿದು ಪಡೆದದ್ದಿರಬೇಕು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಅಂಕೋಲೆಯ ನಮ್ಮ ಕೇರಿಯಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವನೊಬ್ಬನಿದ್ದ. ಕೇರಮ್ಮಿನಲ್ಲಿ ಅವನ ಕೈ ಅಂಥದು! ಬಿಳಿಯ ಕಾಯಿ ಹೊಡೆಯುವಂತೆ ತೋರಿಸಿ ಮಗುಚಿದ ಪೆಟ್ಟಿಗೆ ರಾಣಿಯನ್ನು ಕೆಡವುತ್ತಿದ್ದ. ಒಮ್ಮೆ ಚೌತಿಯ ಸಮಯದ ಪಂದ್ಯಾವಳಿಯ ಅಂತಿಮ ಆಟದಲ್ಲಿ, ತಾನೇ ಮುಂದಿದ್ದಾಗ, ಯಾರೋ ಹಿಂದಿನಿಂದ ನಕ್ಕರೆಂದು ಸ್ಟ್ರೈಕರನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದ. ಬೇರೆ ಸ್ಟ್ರೈಕರ್ ಇರಲಿಲ್ಲ. ಅರ್ಧ ಗಂಟೆ ಆಟವೇ ನಿಂತಿತು. ಈ ಕಥೆಯನ್ನು ಕೇರಿಯವರೆಲ್ಲ ಇಂದಿಗೂ ಹೇಳುತ್ತಾರೆ. ನಾನೇ ಹತ್ತಾರು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅವನು ಆ ವರ್ಷ ಪರೀಕ್ಷೆಗೂ ಕೂರಲಿಲ್ಲ. ಅದನ್ನೂ ನಾವು ಕಥೆಗೆ ಬಾಲವಾಗಿ ಸೇರಿಸಿಕೊಂಡೆವು. ಈಗ ಗೋವೆಯಲ್ಲಿ ಕೆಲಸಕ್ಕಿದ್ದಾನೆ.

ಈ ಸಲ ಬಂಡಿ ಹಬ್ಬಕ್ಕೆ ಊರಿಗೆ ಬಂದಿದ್ದವನು ಮರಳುವಾಗ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ನನ್ನ ಜೊತೆಗಿದ್ದ ಕಾರವಾರದ ಗೆಳೆಯನಿಗೆ ಅವನೆದುರೇ ಸ್ಟ್ರೈಕರಿನ ಕಥೆಯನ್ನು ರಸವತ್ತಾಗಿ ಹೇಳಿದೆ. ಅವನೂ ನಕ್ಕ. ನಗು ನಿಂತ ಮೇಲೆ, “ಅದರ ಹಿಂದಿನ ವರ್ಷ ಅದೇ ಪಂದ್ಯಾವಳಿ ನಾನು ಗೆದ್ದಿದ್ದೆನಲ್ಲ, ನೆನಪುಂಟೇ?” ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಮಡಗಾಂವಿನ ಬಸ್ಸು ಬಂತು, ಹತ್ತಿಕೊಂಡು ಹೋದ.

ಕೇರಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿದೆ. ನಾಲ್ವರೂ ಎದ್ದು ಹೋದದ್ದನ್ನೇ ಮತ್ತೆ ಹೇಳಿದರು. ಕೊನೆಗೆ ಅವನ ತಾಯಿಯನ್ನು ಕೇಳಿದೆ. ಗೆದ್ದದ್ದು ನಿಜವಂತೆ, ಒಂದಲ್ಲ, ಎರಡು ಸಲ.